ಒರಟು ಹಾಸ್ಯಕ್ಕೆ ಪ್ರೇಕ್ಷಕರು ಮುನಿಯಬೇಕೆ?

ಪ್ರಶ್ನೆ:
ವಯಸ್ಕರಿಗೆ ಮಾತ್ರ ಎಂಬ ಸೂಚನೆಯೊಂದಿಗೆ ಅಂತರ್ಜಾಲದಲ್ಲಿ ಬರುವ ಹಾಸ್ಯ ಕಾರ್ಯಕ್ರಮಗಳಲ್ಲಿ ಬೈಗುಳವೂ ಲೈಂಗಿಕ ಮಾತೂ ಧಾರಾಳವಾಗಿರುತ್ತವೆ. ಸೂಚನೆಯನ್ನು ಓದಿಯೇ ನೋಡಲು ಕುಳಿತವರು ಆಮೇಲೆ ಮನಸ್ಸಿಗೆ ನೋವಾಯಿತೆಂದು ದೂರುವುದು ನ್ಯಾಯವೇ?

ಉತ್ತರ 1:
ಮಾತು ಒರಟಾಗಿದೆ ಎಂಬ ಒಂದೇ ಕಾರಣಕ್ಕೆ ದೂರುವುದು ನ್ಯಾಯವಲ್ಲ. ಅಮೆರಿಕದಲ್ಲಿ 1973ರ ಒಂದು ಮಧ್ಯಾಹ್ನ ಹಾಸ್ಯಗಾರ ಜಾರ್ಜ್ ಕಾರ್ಲಿನ್ ಅವರ ಬೈಗುಳಗಳ ಹಾಸ್ಯಭಾಷಣ ರೇಡಿಯೊದಲ್ಲಿ ಪ್ರಸಾರವಾದಾಗ, ಕಾರಿನಲ್ಲಿ ಮಗನೊಂದಿಗೆ ಹೋಗುತ್ತಿದ್ದ ತಂದೆಯೊಬ್ಬರು ಅದನ್ನು ಕೇಳಿ ಪ್ರಸಾರಗಳನ್ನು ನಿಯಂತ್ರಿಸುವ ಸರ್ಕಾರಿ ಆಯೋಗಕ್ಕೆ ದೂರಿತ್ತರು. ರೇಡಿಯೊ ಹೇಳದೆ ಕೇಳದೆ ಮನೆಯೊಳಗೆ ನುಗ್ಗುತ್ತದೆ, ಮಕ್ಕಳ ಕಿವಿಗೂ ಬೀಳುತ್ತದೆ ಎಂಬ ಕಾರಣಕ್ಕೇ 1978ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಆ ಪ್ರಸಾರ ತಪ್ಪೆಂದಿದ್ದ ಆಯೋಗದ ಪರವಾಗಿ ತೀರ್ಪು ನೀಡಿತು. ನಾವೇ ಹುಡುಕಿ ತೆರೆದ ವಿಡಿಯೊಗೆ ಆ ವಾದ ಹೊಂದುವುದಿಲ್ಲ.

ಉತ್ತರ 2:
ಹುಡುಕದಿದ್ದರೂ ಕಣ್ಣಿಗೆ ಬೀಳುವುದೇ ಇಂದಿನ ತೊಂದರೆ. ಒಂದು ಗಂಟೆಯ ಕಾರ್ಯಕ್ರಮದಿಂದ ಅರ್ಧ ನಿಮಿಷದ ತುಣುಕನ್ನು ಕತ್ತರಿಸಿ ಹಂಚಿದಾಗ ಎಚ್ಚರಿಕೆಯ ಸೂಚನೆ ಅದರೊಂದಿಗೆ ಬರುವುದಿಲ್ಲ, ಪಕ್ಕದಲ್ಲಿ ಮಗು ಕುಳಿತಿರುತ್ತದೆ. ಅಂಥವರ ಸಿಟ್ಟು ಸರಿಯೇ, ಆದರೆ ಅದು ತುಣುಕನ್ನು ಹರಡಿದವರತ್ತ ತಿರುಗಬೇಕು.

ಉತ್ತರ 3:
ನನ್ನನ್ನು ಕಾಡುವುದು ಬೈಗುಳವಲ್ಲ, ಅದರ ಗುರಿ. ಅಧಿಕಾರದಲ್ಲಿರುವವರ ಸೋಗನ್ನು ಬಯಲಿಗೆಳೆಯಲು ಆಡಿದ ಕೊಳಕು ಮಾತನ್ನು ಸಹಿಸಬಲ್ಲೆ. ಅತ್ಯಾಚಾರಕ್ಕೆ ಒಳಗಾದವಳನ್ನೇ ನಗೆಪಾಟಲು ಮಾಡುವ ಮಾತಿಗೆ, ಅದರಲ್ಲಿ ಅಶ್ಲೀಲ ಪದ ಒಂದೂ ಇಲ್ಲದಿದ್ದರೂ, ಸಿಟ್ಟಾಗುವುದು ಪ್ರೇಕ್ಷಕರ ಹಕ್ಕು. ಹಾಗೆಂದು ಪೊಲೀಸರನ್ನು ಕರೆಯಬೇಕಿಲ್ಲ. ಅಶ್ಲೀಲತೆಯ ಆರೋಪದಲ್ಲಿ ನ್ಯೂಯಾರ್ಕ್‌ನಲ್ಲಿ 1964ರಲ್ಲಿ ಶಿಕ್ಷೆಗೊಳಗಾದ ಹಾಸ್ಯಗಾರ ಲೆನ್ನಿ ಬ್ರೂಸ್ ಅವರಿಗೆ ಕ್ಷಮಾದಾನ ದೊರೆತದ್ದು 2003ರಲ್ಲಿ, ಅವರು ತೀರಿಕೊಂಡು ದಶಕಗಳು ಕಳೆದ ಮೇಲೆ. ನೋಡುವುದನ್ನು ನಿಲ್ಲಿಸಿ, ಏಕೆ ಹಿಡಿಸಲಿಲ್ಲವೆಂದು ಸ್ಪಷ್ಟವಾಗಿ ಬರೆದರೆ ಸಾಕು.