ಸೋಫಾದಲ್ಲಿ ಕೂತರೆ ಬೇಸ್ ಮಾಯ: ಇಕ್ಯೂನಲ್ಲಿ ಸರಿಹೋಗುತ್ತದಾ?

ಪ್ರಶ್ನೆ: ಸರ್, ನಮ್ಮ ಹಾಲ್ 15 ಅಡಿ ಉದ್ದ, 12 ಅಡಿ ಅಗಲ. ಇಟ್ಟಿಗೆ ಗೋಡೆ, ಆರ್‌ಸಿಸಿ ಚಾವಣಿ. ಎರಡು ಸ್ಪೀಕರ್, ಅವುಗಳ ಪಕ್ಕದಲ್ಲೇ ಎರಡು ಸಬ್‌ವೂಫರ್ (ಬೇಸ್‌ಗೆಂದೇ ಇರುವ ಸ್ಪೀಕರ್), ನಾಲ್ಕೂ ಮಿನಿಡಿಎಸ್‌ಪಿ 2×4 ಎಚ್‌ಡಿ ಅನ್ನುವ ಶಬ್ದ ಹೊಂದಿಸುವ ಪೆಟ್ಟಿಗೆ ಮೂಲಕ. ಸೋಫಾ ಹಾಲ್‌ನ ನಟ್ಟನಡುವೆ. ಅಲ್ಲಿ ಯುಮಿಕ್-1 ಅಳತೆ ಮೈಕ್ ಇಟ್ಟು ಆರ್‌ಇಡಬ್ಲ್ಯು ಅನ್ನುವ ಸಾಫ್ಟ್‌ವೇರ್‌ನಲ್ಲಿ ಅಳೆದರೆ 37 ಹರ್ಟ್ಜ್ ಹತ್ತಿರ ದೊಡ್ಡ ಗುಂಡಿ (ಶಬ್ದ ತೀರಾ ಕಡಿಮೆ), 75ರಲ್ಲಿ ಗುಡ್ಡ (ತೀರಾ ಜೋರು). ಇಕ್ಯೂನಲ್ಲಿ, ಅಂದರೆ ಒಂದೊಂದು ಆವರ್ತನದ ಜೋರನ್ನು ಬೇರೆಬೇರೆಯಾಗಿ ಏರಿಳಿಸುವ ಸೆಟ್ಟಿಂಗ್‌ನಲ್ಲಿ, ಗುಂಡಿಗೆ 9 ಡಿಬಿ (ಡೆಸಿಬೆಲ್) ಏರಿಸಿದೆ. ತುಂಬಲಿಲ್ಲ, ಸಬ್ ಮಾತ್ರ ಬಡಬಡ ಅನ್ನುತ್ತಿದೆ.

ಉತ್ತರ: ಮೊದಲು ಆ 9 ಡಿಬಿ ತೆಗೆದುಬಿಡಿ. ಅಷ್ಟಕ್ಕೆ ಆಂಪ್ ಸುಮಾರು 8 ಪಟ್ಟು ಪವರ್ ಕೊಡಬೇಕು, ಸಬ್‌ನ ಕೋನ್ ಅದನ್ನು ತಾಳಲ್ಲ.

15 ಅಡಿ ಅಂದರೆ 4.57 ಮೀಟರ್. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಅದನ್ನು ಉದ್ದದ ಎರಡರಷ್ಟರಿಂದ ಭಾಗಿಸಿದರೆ ಬರುವುದು 37.5 ಹರ್ಟ್ಜ್, ಎರಡು ಗೋಡೆಗಳ ನಡುವೆ ಪುಟಿದು ನಿಂತೇ ಇರುವ ಅಲೆ. ಈ ಅಲೆ ಮುಂದಿನ, ಹಿಂದಿನ ಗೋಡೆಗಳ ಬಳಿ ಜೋರು, ನಟ್ಟನಡುವೆ ಸೊನ್ನೆ. ನೀವು ಕೂತಿರುವುದೇ ಅಲ್ಲಿ. ಸೊನ್ನೆಯನ್ನು ಎಷ್ಟರಿಂದ ಗುಣಿಸಿ ಏನು ಬಂತು? ಇದರ ಎರಡರಷ್ಟಿರುವ 75ರ ಅಲೆ ಮಾತ್ರ ಅದೇ ಜಾಗದಲ್ಲಿ ಪೂರ್ತಿ ಎದ್ದಿರುತ್ತದೆ. ಗಟ್ಟಿ ಗೋಡೆಗಳ ನಮ್ಮ ಮನೆಗಳಲ್ಲಿ ಬೇಸ್ ಹೊರಗೆ ಸೋರುವುದು ಕಡಿಮೆ, ಹಾಗಾಗಿ ಗುಡ್ಡ ಗುಂಡಿ ಎರಡೂ ಜಾಸ್ತಿ.

ಸೋಫಾವನ್ನು 2 ಅಡಿ ಹಿಂದೆ ಸರಿಸಿ. 75ರ ಗುಡ್ಡವೂ ತಾನಾಗಿ ಸ್ವಲ್ಪ ಇಳಿಯುತ್ತದೆ. ಸಬ್‌ಗಳನ್ನು ಒಂದು ಮುಂದಿನ ಗೋಡೆಯ ಮಧ್ಯಕ್ಕೆ, ಇನ್ನೊಂದು ಹಿಂದಿನ ಗೋಡೆಯ ಮಧ್ಯಕ್ಕೆ ಇಡಿ. ಎದುರುಬದುರಾಗಿ ತಳ್ಳುವುದರಿಂದ 37.5ರ ಅಲೆ ಏಳುವುದೇ ಕಡಿಮೆಯಾಗಿ, ಸೋಫಾದಲ್ಲೊಂದು ಬೇಸ್, ಹಿಂದಿನ ಕುರ್ಚಿಯಲ್ಲೊಂದು ಬೇಸ್ ಅನ್ನುವುದು ತಪ್ಪುತ್ತದೆ. ಆಮೇಲೂ ಉಳಿದ ಗುಡ್ಡವನ್ನಷ್ಟೇ ಇಕ್ಯೂನಲ್ಲಿ ಕತ್ತರಿಸಿ.

ಪ್ರಶ್ನೆ: ಮಾಡಿದೆ ಸರ್, ಗುಂಡಿ ಬಹುಪಾಲು ಹೋಯಿತು! ಆದರೆ ಈಗ 80 ಹರ್ಟ್ಜ್‌ನ ಕ್ರಾಸ್‌ಓವರ್ (ಸಬ್‌ನಿಂದ ಸ್ಪೀಕರ್‌ಗೆ ಶಬ್ದ ಕೈಬದಲಾಗುವ ಆವರ್ತನ) ಹತ್ತಿರ ತಗ್ಗು. ಮೃದಂಗದ ತೊಪ್ಪಿ (ದಪ್ಪ ದನಿಯ ಬದಿ) ಸಪ್ಪೆ ಕೇಳುತ್ತಿದೆ.

ಉತ್ತರ: ಅದು ಡಿಲೇ ವಿಷಯ, ಅಂದರೆ ಯಾವ ಶಬ್ದ ಎಷ್ಟು ತಡವಾಗಿ ತಲುಪುತ್ತದೆ ಅನ್ನುವುದು. ಹಿಂದಿನ ಸಬ್ ಈಗ ಹತ್ತಿರ ಬಂದಿದೆ, ಮುಂದಿನದು ದೂರ. ಆರ್‌ಇಡಬ್ಲ್ಯುನಲ್ಲಿ ಅಕೌಸ್ಟಿಕ್ ಟೈಮಿಂಗ್ ರೆಫರೆನ್ಸ್ (ಎಲ್ಲ ಅಳತೆಗೂ ಒಂದೇ ಸ್ಪೀಕರ್‌ನ ಸದ್ದಿನಿಂದ ಸಮಯ ಎಣಿಸುವ ಆಯ್ಕೆ) ಹಾಕಿಕೊಂಡು ಒಂದೊಂದೇ ಸಬ್ ಅಳೆದು, ಮೊದಲು ಅವೆರಡರ ಶಬ್ದವೂ ಒಟ್ಟಿಗೆ ತಲುಪುವಂತೆ ಮಾಡಿ. 1 ಮಿಲಿಸೆಕೆಂಡಿಗೆ ಸುಮಾರು 34 ಸೆಂ.ಮೀ. ಲೆಕ್ಕ. ಟೇಪ್ ಹಿಡಿದ ಅಳತೆಯೊಂದನ್ನೇ ನಂಬಬೇಡಿ, ಎಷ್ಟೋ ಸಬ್‌ಗಳು ಒಳಗಿನ ಡಿಎಸ್‌ಪಿಯಿಂದಲೂ (ಶಬ್ದ ಸಂಸ್ಕರಿಸುವ ಚಿಪ್) ತಡಮಾಡುತ್ತವೆ.

ನಂತರ ಸಬ್‌ಗಳ ಪೊಲಾರಿಟಿ (ಪ್ಲಸ್-ಮೈನಸ್) ಉಲ್ಟಾ ಮಾಡಿ, ಸ್ಪೀಕರ್‌ಗಳ ಡಿಲೇ ಸ್ವಲ್ಪಸ್ವಲ್ಪವೇ ಬದಲಿಸುತ್ತಾ ಸ್ವೀಪ್ (ಕೆಳಗಿನ ಸ್ವರದಿಂದ ಮೇಲಕ್ಕೇರುವ ಅಳತೆ ಸದ್ದು) ಹಾಕಿ. 80ರ ತಗ್ಗು ಅತಿ ಆಳವಾದ ಕಡೆ ನಿಲ್ಲಿಸಿ ಪೊಲಾರಿಟಿ ವಾಪಸ್ ಸರಿಮಾಡಿ; ಉಲ್ಟಾ ಇದ್ದಾಗ ಹೆಚ್ಚು ರದ್ದಾಗುವ ಕಡೆಯೇ ಸರಿಮಾಡಿದಾಗ ಹೆಚ್ಚು ಕೂಡುತ್ತದೆ. ತೊಪ್ಪಿ ತುಂಬಿ ಬರುತ್ತದೆ, ನೋಡಿ. ಇಕ್ಯೂ ಇದೆಲ್ಲ ಮುಗಿದ ಮೇಲೆಯೇ, ಅದೂ 200 ಹರ್ಟ್ಜ್ ಒಳಗೆ. ಅದರ ಮೇಲಿನದಕ್ಕೆ ದಪ್ಪ ಕಾರ್ಪೆಟ್, ಪರದೆ ಹಾಕಿಸಿ.