ಮೃದು ಎಕ್ಸ್-ಕಿರಣಗಳ ರೋಹಿತಕ್ಕೆ ಹರಳೇ ಗ್ರೇಟಿಂಗ್ ಆಗಬಲ್ಲದೇ?

ಪ್ರಶ್ನೆ:
ಎಲೆಕ್ಟ್ರಾನ್ ದೂಲ ತಾಗಿಸಿದ ಕಬ್ಬಿಣದ ಆಕ್ಸೈಡಿನಿಂದ ಹೊಮ್ಮುವ ಮೃದು, ಅಂದರೆ ಉದ್ದ ತರಂಗಾಂತರದ, ಎಕ್ಸ್-ಕಿರಣಗಳಲ್ಲಿ ಕಬ್ಬಿಣದ ಎಲ್-ಆಲ್ಫಾ (17.59 ಆಂಗ್‌ಸ್ಟ್ರಾಮ್; ಒಂದು ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು), ಎಲ್-ಬೀಟಾ (17.26) ರೇಖೆಗಳನ್ನೂ, ಸಾಧ್ಯವಾದರೆ ಆಮ್ಲಜನಕದ 23.6 ಆಂಗ್‌ಸ್ಟ್ರಾಮ್ ರೇಖೆಯನ್ನೂ ಬಿಡಿಬಿಡಿಯಾಗಿ ನೋಡಬೇಕಾಗಿದೆ. ಕಿರಣಗಳನ್ನು ತರಂಗಾಂತರಕ್ಕೆ ತಕ್ಕಂತೆ ಬೇರೆಬೇರೆ ದಿಕ್ಕಿಗೆ ಬಿಡಿಸುವ, ಗೆರೆ ಕೊರೆದ ಗ್ರೇಟಿಂಗ್ ಬದಲು ಹರಳನ್ನು ಬಳಸಬಹುದೇ? ನನ್ನ ಬಳಿ ಸಿಲಿಕಾನ್ ಹರಳು ಇದೆ.

ಉತ್ತರ 1:
ಸಿಲಿಕಾನ್ ಆಗದು. ಪದರಗಳ ನಡುವಿನ ಅಂತರದ ಎರಡರಷ್ಟನ್ನು ಮೀರಿದ ತರಂಗಾಂತರವನ್ನು ಯಾವ ಹರಳೂ ವಿವರ್ತಿಸಲಾರದು ಎಂಬುದು ಪದರಗಳ ಅಂತರ, ತರಂಗಾಂತರ, ಪ್ರತಿಫಲನದ ಕೋನಗಳನ್ನು ಬೆಸೆಯುವ ಬ್ರಾಗ್ ನಿಯಮದಿಂದಲೇ ಹೊರಡುತ್ತದೆ. ಸಿಲಿಕಾನಿನ (111) ತಲಗಳಿಗೆ ಆ ಮಿತಿ 6.27 ಆಂಗ್‌ಸ್ಟ್ರಾಮ್ ಮಾತ್ರ. ನಿಮಗೆ ಬೇಕಾದದ್ದು ಕೆಎಪಿ, ಅಂದರೆ ಪೊಟ್ಯಾಸಿಯಂ ಆಸಿಡ್ ಥ್ಯಾಲೇಟ್. ಅಭ್ರಕದಂತೆ ಪದರಪದರವಾಗಿ ಸೀಳುವ ಈ ಹರಳಿನ ಮಿತಿ 26.6. ಇದರಲ್ಲಿ ಎಲ್-ಆಲ್ಫಾ ಸುಮಾರು 41.3 ಡಿಗ್ರಿಯಲ್ಲಿ, ಎಲ್-ಬೀಟಾ 40.4 ಡಿಗ್ರಿಯಲ್ಲಿ ಸಿಗುತ್ತವೆ; ಹೆಚ್ಚುಕಡಿಮೆ ಒಂದು ಡಿಗ್ರಿಯ ಈ ಅಂತರ ಬಹಳ ಧಾರಾಳವಾದದ್ದು. ಒಂದು ಮಿಲಿಮೀಟರಿನಲ್ಲಿ ಕೆಲವು ಸಾವಿರ ಗೆರೆ ಕೊರೆಯುವುದೇ ಪ್ರಯಾಸವಾಗಿರುವಾಗ, ಈ ಹರಳಿನ ಅಷ್ಟೇ ದಪ್ಪದಲ್ಲಿ ಸುಮಾರು 7.5 ಲಕ್ಷ ಪದರಗಳು ತಾವಾಗಿಯೇ ಜೋಡಿಕೊಂಡಿರುತ್ತವೆ.

ಉತ್ತರ 2:
ಆ 7.5 ಲಕ್ಷದ ಲೆಕ್ಕವನ್ನು ನಂಬಿ ವಿಭೇದನ ಸಾಮರ್ಥ್ಯವನ್ನು (ಹತ್ತಿರದ ರೇಖೆಗಳನ್ನು ಬೇರ್ಪಡಿಸುವ ಶಕ್ತಿಯನ್ನು) ಅಂದಾಜು ಮಾಡಬೇಡಿ. ಮೃದು ಕಿರಣಗಳನ್ನು ಹರಳು ಮೇಲುಮೇಲಿನಲ್ಲೇ ಹೀರಿಬಿಡುವುದರಿಂದ ತಳದ ಪದರಗಳಿಗೆ ಕೆಲಸವೇ ಇಲ್ಲ, ಮತ್ತು ಒಂದು ಮೈಕ್ರೋಮೀಟರ್ ಆಳದಲ್ಲಿರುವುದು ಸುಮಾರು 750 ಪದರಗಳಷ್ಟೇ. ಒಟ್ಟುಗೂಡಿ ಚೆದರಿಸುವ ಪದರಗಳ ಸಂಖ್ಯೆಯೇ ರೇಖೆಯ ಚೂಪನ್ನು ನಿರ್ಧರಿಸುತ್ತದೆ. ಆದ್ದರಿಂದ ಹರಳನ್ನು ಆರಿಸುವಾಗ ಪದರಗಳ ಅಂತರದಷ್ಟೇ ಮುಖ್ಯವಾಗಿ ಅದರಲ್ಲಿ ಯಾವ ಧಾತುಗಳಿವೆ ಎಂಬುದನ್ನು ನೋಡಬೇಕು. ಕೆಎಪಿಯಲ್ಲಿ ಆಮ್ಲಜನಕವಿದೆ, 23.3 ಆಂಗ್‌ಸ್ಟ್ರಾಮ್ ಆಸುಪಾಸಿನಲ್ಲಿ ಅದರ ಪ್ರತಿಫಲನ ಥಟ್ಟನೆ ಬದಲಾಗುತ್ತದೆ. ನಿಮ್ಮ ಆಮ್ಲಜನಕ ರೇಖೆಯ ಪಕ್ಕದಲ್ಲಿ ಕಾಣುವ ಉಬ್ಬು ಆಕ್ಸೈಡಿನದೋ ಹರಳಿನದೋ ಎಂದು ಆಗ ಹೇಳಲಾಗದು. ಅಲ್ಯೂಮಿನಿಯಂ, ಸಿಲಿಕಾನ್‌ಗಳ ಹೀರಿಕೆ ಅಂಚುಗಳ (ಹೀರಿಕೆ ಥಟ್ಟನೆ ಬದಲಾಗುವ ತರಂಗಾಂತರಗಳ) ಅಧ್ಯಯನಕ್ಕೆ ಆ ಧಾತುಗಳೇ ಇರುವ ಬೆರಿಲ್ ಮತ್ತು ಕ್ವಾರ್ಟ್ಜ್ ಬಿಟ್ಟು, ಯಿಟ್ರಿಯಂ-ಬೋರಾನ್‌ಗಳ ವೈಬಿ66 ಹರಳನ್ನು ಹಿಡಿದದ್ದೂ ಇದೇ ಕಾರಣಕ್ಕೆ.

ಉತ್ತರ 3:
ಇನ್ನೊಂದು ಎಚ್ಚರಿಕೆ. ಕಬ್ಬಿಣದ ಕೆ-ಆಲ್ಫಾ ರೇಖೆಯ (1.936) ಒಂಬತ್ತನೆಯ ಕ್ರಮಾಂಕ (ಒಂಬತ್ತು ಪಟ್ಟು ತರಂಗಾಂತರದ ರೇಖೆ ಬೀಳುವ ಕೋನದಲ್ಲೇ ಕಾಣುವ ಪ್ರತಿಫಲನ) 17.42ರ ಜಾಗದಲ್ಲಿ, ನಿಮ್ಮ ಎರಡು ರೇಖೆಗಳ ನಡುವೆಯೇ ಬೀಳುತ್ತದೆ. ಎಲೆಕ್ಟ್ರಾನುಗಳ ಶಕ್ತಿಯನ್ನು 7.1 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ಗಿಂತ ಕೆಳಗಿಟ್ಟರೆ ಆ ರೇಖೆ ಹುಟ್ಟುವುದೇ ಇಲ್ಲ. ಕೋನ 45 ಡಿಗ್ರಿಗೆ ಹತ್ತಿರವಿರುವುದರಿಂದ ಒಂದು ಧ್ರುವೀಕರಣದ, ಅಂದರೆ ಒಂದು ದಿಕ್ಕಿನಲ್ಲಿ ಕಂಪಿಸುವ, ಕಿರಣಗಳು ಬಹುತೇಕ ಪ್ರತಿಫಲಿಸವು; ಸುಮಾರು ಅರ್ಧ ತೀವ್ರತೆ ಹೋಗುತ್ತದೆಂದು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಪ್ರಶ್ನೆ ಕೇಳಿದವರು:
ನಾನು 10 ಕಿಲೋವೋಲ್ಟ್‌ನಲ್ಲಿ ನಡೆಸುತ್ತಿದ್ದೆ, 5ಕ್ಕೆ ಇಳಿಸುತ್ತೇನೆ. ಕಬ್ಬಿಣಕ್ಕೆ ಕೆಎಪಿ ಇಟ್ಟು, ಆಮ್ಲಜನಕವನ್ನು ಗ್ರೇಟಿಂಗ್‌ಗೇ ಬಿಡುತ್ತೇನೆ.