ಅಮ್ಮನಿಗೆ ವಾಷಿಂಗ್ ಮೆಷಿನ್: ಟಚ್ಚಾ, ತಿರುಗಿಸುವ ಗುಂಡಿನಾ?

ಕೇಳಿದವರು: ಕೊಡಗಿನ ನಾಪೋಕ್ಲು ಹತ್ತಿರ ತೋಟದ ಮನೆ. ಅಮ್ಮ ಒಬ್ಬರೇ, 68 ವರ್ಷ, ಕಣ್ಣು ಸ್ವಲ್ಪ ಮಂದ. ಹಳೇ ಸೆಮಿ (ಸೆಮಿ ಆಟೊಮ್ಯಾಟಿಕ್, ಒಗೆಯಲು ಒಂದು ತೊಟ್ಟಿ, ಹಿಂಡಲು ಪಕ್ಕದಲ್ಲಿ ಇನ್ನೊಂದು) ಕೆಟ್ಟಿದೆ. ಅಂಗಡಿಯವನು ಟಚ್ ಪ್ಯಾನಲ್ ಇರುವ ಫ್ರಂಟ್ ಲೋಡ್ ತಗೊಳ್ಳಿ ಅನ್ನುತ್ತಾನೆ. ಮಳೆಗೆ ಮುಂಚೆ ತರಬೇಕು. ಬಳಸಿದವರು ಹೇಳಿ.

ಭಾಗಮಂಡಲದವಳು: ಬೇಡ, ಬೇಡ, ಬೇಡ. ನನ್ನ ಮಗ ಬೆಂಗಳೂರಲ್ಲಿ ಕೂತು ಆರ್ಡರ್ ಮಾಡಿದ. ಅಂಗಡಿಯಲ್ಲಿ ಒಣ ಕೈಯಲ್ಲಿ ಮುಟ್ಟಿದರೆ ಎಲ್ಲವೂ ಚೆಂದ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಒಣ ಕೈ ಎಲ್ಲಿಂದ ತರೋದು? ಆ ಪ್ಯಾನಲ್‌ಗೆ ನೀರಿನ ಹನಿಯೂ ಬೆರಳೇ. ಒರೆಸಲು ಹೋದರೆ ಚೈಲ್ಡ್ ಲಾಕ್ ಬೀಳುತ್ತದೆ. ಮೂರು ಸೆಕೆಂಡ್ ಒತ್ತಿ ಹಿಡಿದರೆ ಬಿಡುತ್ತದಂತೆ. ಒದ್ದೆ ಬೆರಳಿಗೆ ಮೂವತ್ತು ಸೆಕೆಂಡಾದರೂ ಬಿಡಲ್ಲ.

ಕಳೆದ ಕಕ್ಕಡದಲ್ಲಿ, ಅಂದರೆ ನಮ್ಮ ಜೋರು ಮಳೆಯ ತಿಂಗಳಲ್ಲಿ, ಲೈನ್ ಮೇಲೆ ಮರ ಬಿದ್ದು ಮೂರು ದಿನ ಕರೆಂಟಿಲ್ಲ. ಡ್ರಮ್ಮಿನ ತುಂಬ ನೀರು, ಹದಿನಾಲ್ಕು ಬಟ್ಟೆ, ಬಾಗಿಲು ಲಾಕ್. ಗಾಜಿನೊಳಗೆ ನನ್ನ ರವಿಕೆ ಕಾಣುತ್ತಿದೆ, ತೆಗೆಯುವ ಹಾಗಿಲ್ಲ! ಕೆಳಗಿನ ಫಿಲ್ಟರ್ ತಿರುಗಿಸಿ ಬಟ್ಟಲು ಬಟ್ಟಲಾಗಿ ನೀರಿಳಿಸಿದೆವು. ಜೊತೆಗೆ ಎರಡು ಕಾಫಿ ಬೀಜ, ಒಂದು ಹೇರ್‌ಪಿನ್, ಸತ್ತ ಜಿಗಣೆ ಒಂದು. ಕರೆಂಟ್ ಬಂದ ರಭಸಕ್ಕೆ ಮೆಷಿನ್ ಒಳಗಿನ ಎಲೆಕ್ಟ್ರಾನಿಕ್ ಬೋರ್ಡು ಸುಟ್ಟಿತು. ಲೆಕ್ಕ ಕೇಳಿ: ಮೆಷಿನ್ 31,500. ಸ್ಟೆಬಿಲೈಸರ್ 2,900, ಅದನ್ನು ಬುದ್ಧಿ ಬಂದ ಮೇಲೆ ತಂದದ್ದು. ಬೋರ್ಡು 7,400. ಮೆಕ್ಯಾನಿಕ್ ಎರಡು ಸಲ ಬಂದದ್ದಕ್ಕೆ 1,000, ಅದರಲ್ಲಿ ಮೊದಲ ಸಲ ಸುಮ್ನೆ ನೋಡಿ ಹೋಗಿದ್ದಕ್ಕೂ 500. ಅವನನ್ನು ಮಡಿಕೇರಿಯಿಂದ ಕರೆತಂದ ಜೀಪಿಗೆ 900. ಒಟ್ಟು 43,700.

ಗೋಣಿಕೊಪ್ಪ ಸೆಮಿ: ಅದಕ್ಕೇ ಹೇಳೋದು, ಸೆಮಿ ಬಿಟ್ಟರೆ ಬೇರೆ ಇಲ್ಲ. ನನ್ನದು ಒಂಬತ್ತು ವರ್ಷ. ತೋಟದ ಕೆಸರು ಬಟ್ಟೆ, ನಾಯಿ ಮಲಗುವ ಚೀಲ, ಎಲ್ಲ ಅದರಲ್ಲೇ. ಒಂದು ಬೆಲ್ಟು, ಎರಡು ಸಲ ಸೀಲು, ಒಂದು ಟೈಮರ್. ಇಷ್ಟೇ ಖರ್ಚು, 1,500 ದಾಟಿಲ್ಲ. ಹಿಂಡುವ ವಿಷಯದಲ್ಲೂ ಕಮ್ಮಿ ಇಲ್ಲ. ಸೆಮಿಯ ಡ್ರೈಯರ್ ನಿಮಿಷಕ್ಕೆ 1,300 ಸುತ್ತಿನ ಆಸುಪಾಸು ತಿರುಗುತ್ತದೆ, ಎಷ್ಟೋ ಟಾಪ್ ಲೋಡ್‌ಗಳು 700 ಸುತ್ತಿಗೇ ಸುಸ್ತು. ಮಳೆಗಾಲದಲ್ಲಿ ಅದೇ ಅಲ್ವಾ ಬೇಕಾದ್ದು? ಎರಡು ಗುಂಡಿ, ಕಣ್ಣು ಮುಚ್ಚಿ ತಿರುಗಿಸಬಹುದು.

ಕುಶಾಲನಗರ ಇಂಜಿನಿಯರ್: ಪುಸ್ತಕ ಓದದೆ ಮೆಷಿನ್ ಬೈಯುವುದು ನಮ್ಮವರ ಚಾಳಿ. ಎಷ್ಟೋ ಫ್ರಂಟ್ ಲೋಡ್‌ಗಳಲ್ಲಿ ಫಿಲ್ಟರ್ ಪಕ್ಕದಲ್ಲೇ ಬಾಗಿಲು ಬಿಡಿಸುವ ಎಳೆ ಇರುತ್ತದೆ. ಸ್ಟೆಬಿಲೈಸರ್ ಮೊದಲೇ ಹಾಕಬೇಕಿತ್ತು. ನಮ್ಮ ಮನೆಯಲ್ಲಿ ಫ್ರಂಟ್ ಲೋಡ್‌ಗೆ ಐದು ವರ್ಷ, ಒಂದು ಪೈಸೆ ಖರ್ಚಿಲ್ಲ. ಸೆಮಿಯಲ್ಲಿ 68ರ ಅಮ್ಮ ಒದ್ದೆ ಬಟ್ಟೆ ಎತ್ತಿ ಎತ್ತಿ ಪಕ್ಕದ ತೊಟ್ಟಿಗೆ ಹಾಕಬೇಕು, ಸೊಂಟದ ಗತಿ? ನೀವು ಟ್ಯಾಂಕಿನ ಎತ್ತರ ನೋಡಿಕೊಳ್ಳಿ. ಹತ್ತು ಮೀಟರ್ ಎತ್ತರಕ್ಕೆ ಒಂದು ಬಾರ್ ಒತ್ತಡ. ನಲ್ಲಿಗಿಂತ ಮೂರು ಮೀಟರ್ ಮೇಲಾದರೂ ಟ್ಯಾಂಕ್ ಇರಲಿ, ಇಲ್ಲದಿದ್ದರೆ ನೀರು ಬರುತ್ತಿಲ್ಲ ಅಂತ ಅದು ಕಿರುಚುತ್ತಲೇ ಇರುತ್ತದೆ.

ಭಾಗಮಂಡಲದವಳು: ಇಂಜಿನಿಯರ್ ಸಾಹೇಬರೇ, ನಮ್ಮದರಲ್ಲಿ ಆ ಎಳೆ ಇಲ್ಲ. ಟಾರ್ಚ್ ಬಿಟ್ಟು ಹುಡುಕಿದ್ದೇವೆ. ಕುಶಾಲನಗರದ ತುಂತುರು ನೋಡಿ ನಮಗೆ ಮಳೆ ಪಾಠ ಹೇಳಬೇಡಿ. ಒಂದು ಕಕ್ಕಡ ಇಲ್ಲಿ ಬಂದು ಇರಿ.

ಸೋಮವಾರಪೇಟೆ ಸೊಸೆ: ನಮ್ಮ ಅತ್ತೆಗೆ ಗುಂಡಿ ಇರುವ ಟಾಪ್ ಲೋಡ್ ತಂದೆವು. ಗುಂಡಿ ಸುತ್ತ ಹನ್ನೊಂದು ಇಂಗ್ಲಿಷ್ ಪದ, ಬೂದು ಪ್ಲಾಸ್ಟಿಕ್ ಮೇಲೆ ಬೂದು ಅಕ್ಷರ. ಅದನ್ನು ಬರೆದವನು ಯಾರಿಗೆ ಓದಲಿ ಅಂತ ಬರೆದನೋ! ನಾನು ಎರಡು ಕಡೆ ಕೆಂಪು ನೈಲ್ ಪಾಲಿಶ್ ಚುಕ್ಕಿ ಇಟ್ಟೆ. ದೊಡ್ಡ ಚುಕ್ಕಿ ದಿನದ ಬಟ್ಟೆಗೆ, ಚಿಕ್ಕದು ಕಂಬಳಿಗೆ. ಒಂದರ ಮೇಲೊಂದು ಮೂರು ಸಲ ಹಚ್ಚಿದ್ದರಿಂದ ಬೆರಳಿಗೇ ತಗಲುತ್ತದೆ. ಅತ್ತೆ ಈಗ ಕನ್ನಡಕ ಹುಡುಕುವುದಿಲ್ಲ. ಆದರೆ ಗುಂಡಿಯ ಹಿಂದೆಯೂ ಬೋರ್ಡು ಇದೆ ಸ್ವಾಮಿ! ಬೆಚ್ಚಗಿದೆ ಅಂತ ಹಲ್ಲಿ ಒಳಗೆ ಹೋಗಿ ಅಡ್ಡ ಬಿತ್ತು. 5,200 ಆಯಿತು, ಹಲ್ಲಿಗೆ ವಾರಂಟಿ ಇಲ್ಲವಂತೆ. ಮೆಷಿನ್ ಕೆಳಗೆ ಇಲಿ ಜಾಲರಿಯನ್ನೂ ಮರೆಯಬೇಡಿ, ಅದು ಇನ್ನೊಂದು ಕಥೆ.

ವಿರಾಜಪೇಟೆ ಮಾವ: ನಮ್ಮ ಕಾಲದಲ್ಲಿ ಒಗೆಯುವ ಕಲ್ಲು ಇತ್ತು. ಕೆಂಡದ ಮೇಲೆ ಬಿದಿರು ಬುಟ್ಟಿ ಕವುಚಿ ಬಟ್ಟೆ ಒಣಗಿಸುತ್ತಿದ್ದೆವು. ಯಾವ ಬೋರ್ಡೂ ಸುಡಲಿಲ್ಲ.

ಸೋಮವಾರಪೇಟೆ ಸೊಸೆ: ಒಣಗಿಸುತ್ತಿದ್ದೆವು ಅಂದರೆ ಯಾರು ಮಾವ? ನೀವಾ?

ವಿರಾಜಪೇಟೆ ಮಾವ: ಕೆಂಡ ನಾನೇ ತರುತ್ತಿದ್ದೆ.

ಕುಶಾಲನಗರ ಇಂಜಿನಿಯರ್: ಸೆಮಿಯವರು ಒಂದು ಮಾತು ಮುಚ್ಚಿಟ್ಟಿದ್ದಾರೆ. ಅದರ ಟೈಮರ್ ಒಳಗಿರುವುದು ಸ್ಪ್ರಿಂಗ್. ಕರೆಂಟ್ ಹೋದರೂ ಟಿಕ್ ಟಿಕ್ ಅಂತ ತಿರುಗುತ್ತಲೇ ಇರುತ್ತದೆ. ಹದಿನೈದು ನಿಮಿಷ ಬಿಟ್ಟು ಬಂದರೆ ಗುಂಡಿ ಸೊನ್ನೆಯಲ್ಲಿ, ಬಟ್ಟೆ ಮಾತ್ರ ಒಗೆದೇ ಇಲ್ಲ. ಇದು ಒಳ್ಳೆ ವಿನ್ಯಾಸವಾ?

ಗೋಣಿಕೊಪ್ಪ ಸೆಮಿ: ಹೌದು. ಆಗ ಇನ್ನೊಂದು ಸಲ ತಿರುಗಿಸುತ್ತೇನೆ. ಅದಕ್ಕೆ ಜೀಪು ಬೇಡ.

ಭಾಗಮಂಡಲದವಳು: ಹ್ಹ. ಇದನ್ನು ಕತ್ತರಿಸಿ ಮಗನಿಗೆ ಕಳಿಸುತ್ತೇನೆ.

ಕೇಳಿದವರು: ಗೋಣಿಕೊಪ್ಪದವರೇ, ಆ ಟೈಮರ್ ಎಲ್ಲಿ ಸಿಕ್ಕಿತು? ನಿಮ್ಮ ಮಾತು ಓದಿ ಅಮ್ಮನನ್ನು ಕೇಳಿದೆ. ಹಳೇ ಮೆಷಿನ್‌ನಲ್ಲಿ ಹೋಗಿರುವುದೂ ಅದೇ ಇರಬೇಕು. ಗುಂಡಿ ಸುಮ್ನೆ ಸುತ್ತುತ್ತದಂತೆ, ಟಿಕ್ ಅನ್ನುವುದಿಲ್ಲ.

ಗೋಣಿಕೊಪ್ಪ ಸೆಮಿ: ಮೈಸೂರಲ್ಲಿ, 380 ರೂಪಾಯಿ. ಹಳೇದನ್ನು ಬಿಚ್ಚಿ ಜೊತೆಗೇ ಒಯ್ಯಿರಿ. ವೈರು ಎಷ್ಟು, ಗುಂಡಿ ಕೂರುವ ಕಡ್ಡಿ ಎಷ್ಟು ಉದ್ದ, ಎರಡೂ ಒಂದೇ ಇರಬೇಕು. ನಾನು ಮೊದಲ ಸಲ ಬರೀ ಫೋಟೋ ತೋರಿಸಿ ತಂದೆ, ಕಡ್ಡಿ ಗಿಡ್ಡ ಆಗಿ ಮತ್ತೆ ಬಸ್ಸು ಹತ್ತಬೇಕಾಯಿತು.